ನಕ್ಕವರು ನಾವು, ಪ್ರಶಸ್ತಿ ಕೊಟ್ಟವರು ಯಾರು?

ಟಿವಿಯಲ್ಲಿ ಹಾಸ್ಯ ಕಲಾವಿದರಿಗೆ ಪ್ರಶಸ್ತಿ ಕೊಡುವ ಕಾರ್ಯಕ್ರಮ ಬಂದ ಮಾರನೇ ಬೆಳಿಗ್ಗೆ ಕೋಲಾರ ಜಿಲ್ಲೆಯ ಹಾಲಿನ ಡೇರಿಗಳ ಮುಂದೆ ಒಳ್ಳೆಯ ವಿಮರ್ಶೆ ನಡೆಯುತ್ತದೆ. ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತವರು, ಹಾಲಿನ ಫ್ಯಾಟ್ ನೋಡುವಷ್ಟು ಹೊತ್ತಿನಲ್ಲಿ, ರಾತ್ರಿಯ ತೀರ್ಪನ್ನು ಮತ್ತೆ ವಿಚಾರಣೆಗೆ ಎತ್ತಿಕೊಳ್ಳುತ್ತಾರೆ. "ಅವ್ನಿಗ್ಯಾಕೆ ಕೊಟ್ರು? ವರ್ಷವೆಲ್ಲಾ ನಗ್ಸಿದ್ದು ಇವ್ನಲ್ವಾ?" ಎಂದು ಒಬ್ಬರು. "ಅದೆಲ್ಲಾ ಮೊದ್ಲೇ ಫಿಕ್ಸ್ ಆಗಿರ್ತದೆ ಬಿಡಪ್ಪ" ಎಂದು ಇನ್ನೊಬ್ಬರು. "ಅಲ್ಲಿ ಕೂತಿದ್ದೋರೆಲ್ಲಾ ಬಿದ್ದು ಬಿದ್ದು ನಗ್ತಿದ್ರು, ನಮ್ಗ್ಯಾಕೆ ನಗು ಬರ್ಲಿಲ್ಲ?" ಎಂದು ಮತ್ತೊಬ್ಬರು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಇದೇ ಮಾತು ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತದೆ. ಮಾಲೂರಿನಲ್ಲಿ ಹೆಂಚು, ಇಟ್ಟಿಗೆಯ ಕಾರ್ಖಾನೆಗಳಿಗೆ ಹೊರಟವರ ನಡುವೆ ತಮಿಳೂ ಒಂದಿಷ್ಟು ಸೇರಿಕೊಳ್ಳುತ್ತದೆ.

ಈ ತಕರಾರುಗಳನ್ನು ಕಾಡುಹರಟೆ ಎಂದು ತಳ್ಳಿಹಾಕುವವರೇ ಹೆಚ್ಚು. ನನಗೆ ಹಾಗನ್ನಿಸುವುದಿಲ್ಲ. ಪ್ರಶಸ್ತಿಯ ತೀರ್ಪುಗಾರರಿಗಿಂತ ಹಾಸ್ಯ ಚೆನ್ನಾಗಿ ಗೊತ್ತಿರುವ ಜನ ಆಡುವ ಮಾತು ಅದು. ಅದಕ್ಕೆ ಉತ್ತರ ಸಿಗಬೇಕಾದರೆ ಪ್ರಶಸ್ತಿ ಸಮಾರಂಭ ಹೇಗೆ ತಯಾರಾಗುತ್ತದೆ ಎಂಬುದು ಮೊದಲು ತಿಳಿಯಬೇಕು.

ಜೀ ಕನ್ನಡದ 'ಜೀ ಕುಟುಂಬ ಅವಾರ್ಡ್ಸ್' ಆಗಲಿ, ಕಲರ್ಸ್ ಕನ್ನಡದ 'ಅನುಬಂಧ ಅವಾರ್ಡ್ಸ್' ಆಗಲಿ, ಒಂದು ವಾಹಿನಿ ತನ್ನದೇ ಧಾರಾವಾಹಿ, ತನ್ನದೇ ಕಾರ್ಯಕ್ರಮಗಳ ಕಲಾವಿದರನ್ನು ಕರೆದು ಸನ್ಮಾನಿಸುವ ಸಮಾರಂಭ. ಜೀ ಕನ್ನಡದ 'ಕಾಮಿಡಿ ಕಿಲಾಡಿಗಳು' ಕಾರ್ಯಕ್ರಮದಲ್ಲಿ ನಗಿಸಿದವರು ಒಂದು ಕಡೆ, ಕಲರ್ಸ್ ಕನ್ನಡದ 'ಗಿಚ್ಚಿ ಗಿಲಿಗಿಲಿ'ಯಲ್ಲಿ ನಗಿಸಿದವರು ಇನ್ನೊಂದು ಕಡೆ. ಇವರಿಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಪ್ರಶ್ನೆ ಅಲ್ಲಿ ಬರುವುದೇ ಇಲ್ಲ. ನೋಡುವವರ ಮನೆಯಲ್ಲಾದರೋ ಎರಡೂ ಒಂದೇ ರಿಮೋಟಿನಲ್ಲಿ ಬರುತ್ತವೆ. ಹಾಗಾಗಿ ವರ್ಷದ ದೊಡ್ಡ ನಗೆಗಾರ ಯಾರು ಎಂಬ ಪ್ರಶ್ನೆ ಅವರ ಮನಸ್ಸಿನಲ್ಲಿ ಸಹಜವಾಗಿ ಇರುತ್ತದೆ. ವಾಹಿನಿ ಆ ಪ್ರಶ್ನೆಗೆ ಉತ್ತರ ಕೊಡುತ್ತಿಲ್ಲ. ಮುಂದೆ ಬರುವ ಧಾರಾವಾಹಿಯ ಪರಿಚಯ, ಪ್ರಾಯೋಜಕರ ಹೆಸರು, ಎಲ್ಲ ತಂಡಗಳಿಗೂ ವೇದಿಕೆಯ ಮೇಲೆ ಒಂದು ಪಾಲು ಎಂಬ ಲೆಕ್ಕಾಚಾರ, ಇವೆಲ್ಲ ಅಂಥ ಸಮಾರಂಭದಲ್ಲಿ ಇದ್ದೇ ಇರುತ್ತವೆ. ಅದನ್ನು ನಾನು ತಪ್ಪು ಎನ್ನುವುದಿಲ್ಲ. ಆದರೆ 'ಜನ ಮೆಚ್ಚಿದ' ಎಂಬ ಮಾತು ಪ್ರಶಸ್ತಿಯ ಹೆಸರಿಗೆ ಅಂಟಿಕೊಂಡ ಕೂಡಲೇ, ಯಾವ ಜನ, ಹೇಗೆ ಮೆಚ್ಚಿದರು ಎಂದು ಕೇಳುವ ಹಕ್ಕು ಜನರಿಗೆ ಬಂದುಬಿಡುತ್ತದೆ.

ಮತ ಹಾಕುವ ವ್ಯವಸ್ಥೆ ಈಗ ಬಹುಪಾಲು ಮೊಬೈಲಿನ ಆ್ಯಪ್ ಮೇಲೆ ನಿಂತಿದೆ. ಆ್ಯಪ್ ಇಳಿಸಿಕೊಳ್ಳಬೇಕು, ನೋಂದಾಯಿಸಿಕೊಳ್ಳಬೇಕು, ಡೇಟಾ ಇರಬೇಕು. ರಾತ್ರಿ ಒಂಬತ್ತಕ್ಕೆ ಟಿವಿ ಮುಂದೆ ಕೂತು, ಬೆಳಗಿನ ಜಾವ ಎದ್ದು ಟೊಮೆಟೊ ಬಾಕ್ಸ್ ತುಂಬಿಸುವ ಹೆಣ್ಣುಮಗಳು ಆ ಕಾರ್ಯಕ್ರಮದ ನಿಷ್ಠಾವಂತ ಪ್ರೇಕ್ಷಕಿ. ಆದರೆ ಮತದಾರರ ಪಟ್ಟಿಯಲ್ಲಿ ಅವಳಿಲ್ಲ. ಅವಳ ಮೊಬೈಲ್ ಹಿಡಿದು ಮತ ಒತ್ತುವವನು ಕಾಲೇಜಿಗೆ ಹೋಗುವ ಮಗ, ಮತ ಬೀಳುವುದು ಅವನಿಗೆ ಬೇಕಾದವರಿಗೆ.

ಇದಕ್ಕಿಂತ ದೊಡ್ಡ ಎಡವಟ್ಟುಗಳೂ ಆಗಿವೆ, ಅದೂ ಹಾಸ್ಯ ಪ್ರಶಸ್ತಿಯಲ್ಲೇ. 2005ರ ಬ್ರಿಟಿಷ್ ಕಾಮಿಡಿ ಅವಾರ್ಡ್ಸ್ ಸಮಾರಂಭವನ್ನು ಅಲ್ಲಿನ ಐಟಿವಿ ವಾಹಿನಿ ಪ್ರಸಾರ ಮಾಡಿತು. ಜನರ ಆಯ್ಕೆಯ ಪ್ರಶಸ್ತಿಗೆ ಪ್ರೇಕ್ಷಕರು ಫೋನಿನಲ್ಲಿ ಹಣ ತೆತ್ತು ಮತ ಹಾಕಿದರು. ಹೆಚ್ಚು ಮತ ಬಿದ್ದದ್ದು ಕ್ಯಾಥರೀನ್ ಟೇಟ್ ಅವರ ಕಾರ್ಯಕ್ರಮಕ್ಕೆ. ವೇದಿಕೆಯ ಮೇಲೆ ಪ್ರಶಸ್ತಿ ಕೊಟ್ಟದ್ದು ಆ್ಯಂಟ್ ಮತ್ತು ಡೆಕ್ ಜೋಡಿಯ ಕಾರ್ಯಕ್ರಮಕ್ಕೆ. ಸಮಾರಂಭದ ಕೊನೆಯ ಭಾಗ ನೇರಪ್ರಸಾರದಂತೆ ಕಂಡರೂ ಮುದ್ರಿಸಿಟ್ಟುಕೊಂಡದ್ದಾಗಿತ್ತು. ಫಲಿತಾಂಶ ತೀರ್ಮಾನವಾದ ಮೇಲೂ ಜನ ದುಡ್ಡು ಕೊಟ್ಟು ಮತ ಹಾಕುತ್ತಲೇ ಇದ್ದರು. ವಿಷಯ ಹೊರಬಿದ್ದದ್ದು ಎರಡು ಮೂರು ವರ್ಷಗಳ ನಂತರ. ಆ ಜೋಡಿ, ತಮಗೆ ಏನೂ ತಿಳಿದಿರಲಿಲ್ಲ ಎಂದು ಹೇಳಿ ಪ್ರಶಸ್ತಿಯನ್ನು ಹಿಂತಿರುಗಿಸಿತು. ನಮ್ಮಲ್ಲೂ 2007ರ 'ಕೌನ್ ಬನೇಗಾ ಕರೋಡ್‌ಪತಿ' ಕಾರ್ಯಕ್ರಮದ ಜೊತೆ ನಡೆದ ಸ್ಪರ್ಧೆಯೊಂದಕ್ಕೆ ಪ್ರೇಕ್ಷಕರು ಒಂದೊಂದು ಎಸ್‌ಎಂಎಸ್‌ಗೆ 2 ರೂಪಾಯಿ 40 ಪೈಸೆ ಕೊಟ್ಟರು. ಬಹುಮಾನದ ಹಣ ಆ ಎಸ್‌ಎಂಎಸ್‌ಗಳಿಂದಲೇ ಬರುತ್ತಿದೆ ಎಂಬ ದೂರಿನ ಮೇಲೆ 2008ರಲ್ಲಿ ರಾಷ್ಟ್ರೀಯ ಗ್ರಾಹಕರ ಆಯೋಗ ವಾಹಿನಿಗೂ ಮೊಬೈಲ್ ಕಂಪನಿಗೂ ಒಂದು ಕೋಟಿ ರೂಪಾಯಿ ದಂಡ ಹಾಕಿತು. ಮುಂದೆ ಸುಪ್ರೀಂ ಕೋರ್ಟ್ ಆ ದಂಡವನ್ನು ರದ್ದುಪಡಿಸಿತು. ಕನ್ನಡದ ಸಮಾರಂಭಗಳಲ್ಲಿ ಇಂಥದ್ದು ನಡೆದಿದೆ ಎಂದು ನಾನು ಹೇಳುತ್ತಿಲ್ಲ. ಎಷ್ಟು ಮತ ಬಿತ್ತು, ಯಾರಿಗೆ ಎಷ್ಟು, ತೀರ್ಪುಗಾರರು ಯಾರು ಎಂಬುದನ್ನು ಬಿಡಿಸಿ ಹೇಳದೆ ಹೋದರೆ "ಮೊದ್ಲೇ ಫಿಕ್ಸ್" ಎಂಬ ಮಾತು ಹುಟ್ಟಿಯೇ ಹುಟ್ಟುತ್ತದೆ. ಅನುಮಾನ ಪಟ್ಟವರನ್ನು ದೂರಿ ಪ್ರಯೋಜನವಿಲ್ಲ.

ನಗುವಿನ ವಿಷಯಕ್ಕೆ ಬರೋಣ. ಅಲ್ಲಿ ಕೂತವರು ನಗುತ್ತಿದ್ದರು, ನಮಗೆ ನಗು ಬರಲಿಲ್ಲ ಎನ್ನುವವರ ಕಿವಿ ಸರಿಯಾಗಿಯೇ ಇದೆ. ಪ್ರಶಸ್ತಿ ಸಮಾರಂಭ ಗಂಟೆಗಟ್ಟಲೆ ಚಿತ್ರೀಕರಣವಾಗಿ, ಆಮೇಲೆ ಸಂಕಲನವಾಗಿ, ವಾರಾಂತ್ಯದಲ್ಲಿ ಪ್ರಸಾರವಾಗುತ್ತದೆ. ವೇದಿಕೆಯ ಮೇಲೆ ಒಂದು ಮಾತು ಬಂದ ಕೂಡಲೇ ಮೂರನೇ ಸಾಲಿನ ನಟಿ ಬಾಯಿಗೆ ಕೈ ಅಡ್ಡ ಹಿಡಿದು ನಗುವುದು ಕಾಣುತ್ತದೆ. ಆಕೆ ನಕ್ಕದ್ದು ಅದೇ ಮಾತಿಗೆ ಎನ್ನಲು ಯಾವ ಖಾತ್ರಿಯೂ ಇಲ್ಲ. ಬೇರೆ ಯಾವಾಗಲೋ ನಕ್ಕ ನಗುವನ್ನು ಇಲ್ಲಿ ತಂದು ಜೋಡಿಸುವುದು ಸಂಕಲನಕಾರರಿಗೆ ನಿತ್ಯದ ಕೆಲಸ. ನಗುವಿನ ಸದ್ದನ್ನೂ ಹಾಗೆಯೇ ಸೇರಿಸುತ್ತಾರೆ. ಈ ವಿದ್ಯೆಗೆ ಎಪ್ಪತ್ತು ವರ್ಷ ದಾಟಿದೆ. ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಧ್ವನಿ ಎಂಜಿನಿಯರ್ ಆಗಿದ್ದ ಚಾರ್ಲ್ಸ್ ಡಗ್ಲಸ್ 1950ರ ದಶಕದಲ್ಲಿ ಬಗೆಬಗೆಯ ನಗುವನ್ನು ಟೇಪಿನಲ್ಲಿ ತುಂಬಿಟ್ಟ ಯಂತ್ರವೊಂದನ್ನು ಮಾಡಿದರು. ಗುಂಡಿ ಒತ್ತಿದರೆ ಮೆಲುನಗು, ಇನ್ನೊಂದು ಒತ್ತಿದರೆ ಗಹಗಹಿಸಿ ನಗು. ಆ ಯಂತ್ರ ಹೋಗಿ ಈಗ ಕಂಪ್ಯೂಟರ್ ಬಂದಿದೆ, ಕೆಲಸ ಅದೇ.

ಕೋಲಾರದ ಕಿವಿಗೆ ಇದು ಬೇಗ ಸಿಕ್ಕಿಬೀಳಲು ಒಂದು ಕಾರಣವಿದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಈ ನಾಡಿನ ಬಯಲಾಟಕ್ಕೆ ಕೇಳಿಕೆ ಎಂದು ಹೆಸರು. ಸುಗ್ಗಿ ಮುಗಿದ ಮೇಲೆ ಊರ ಮುಂದೆ ಚಪ್ಪರ ಕಟ್ಟಿ ರಾತ್ರಿಯಿಂದ ಬೆಳಗಿನವರೆಗೆ ಆಡುವ ಆಟ. ಕೇಳಿಕೆ ಮೇಷ್ಟ್ರು ತಿಂಗಳುಗಟ್ಟಲೆ ಊರಲ್ಲೇ ಉಳಿದು ಹುಡುಗರಿಗೆ ಪಾತ್ರ ಕಲಿಸುತ್ತಿದ್ದರು. ಆ ಆಟದ ಜೀವ ಸಾರಥಿ. ರಾಜ ಬರಲಿ, ರಾಕ್ಷಸ ಬರಲಿ, ಎದುರು ನಿಂತು ನೀನ್ಯಾರು, ಯಾವ ಊರಿನವನು, ಇಲ್ಲಿಗೇಕೆ ಬಂದೆ ಎಂದು ಕೇಳುವ ಅಧಿಕಾರ ಅವನಿಗಿತ್ತು. ಪುರಾಣದ ಪ್ರಸಂಗ ಮುಂದಕ್ಕೆ ಹೋಗುತ್ತಿದ್ದ ಹಾಗೆಯೇ ಊರಿನ ಜಿಪುಣ, ಶಾನುಭೋಗರ ಲೆಕ್ಕ, ಆ ವರ್ಷದ ಕೆರೆ ನೀರಿನ ಜಗಳ ಎಲ್ಲವೂ ಅವನ ಬಾಯಲ್ಲಿ ಬರುತ್ತಿದ್ದವು. ಮಾತು ನಾಟಿದರೆ ಜನ ಕೂಗಿ ಮತ್ತೊಮ್ಮೆ ಹೇಳಿಸುತ್ತಿದ್ದರು, ನಾಟದಿದ್ದರೆ ಬೀಡಿ ಹಚ್ಚಿಕೊಂಡು ಎದ್ದು ಹೋಗುತ್ತಿದ್ದರು. ಸಾರಥಿಗೆ ತನ್ನ ಅಂಕ ಅಲ್ಲೇ, ಆ ಗಳಿಗೆಯಲ್ಲೇ ಗೊತ್ತಾಗುತ್ತಿತ್ತು. ಮೆಚ್ಚಿದವರು ಕೊಟ್ಟ ಕಾಣಿಕೆಯನ್ನು ಹೆಸರು ಹಿಡಿದು ಕೂಗಿ ಹೇಳುತ್ತಿದ್ದರು: ಇಂಥವರು, ಇಂಥ ಪಾತ್ರಕ್ಕೆ, ಇಷ್ಟು ರೂಪಾಯಿ. ಕೊಟ್ಟವರು ಯಾರು, ಯಾಕೆ ಕೊಟ್ಟರು ಎಂಬುದು ಊರಿಗೆಲ್ಲ ತಿಳಿದಿರುತ್ತಿತ್ತು.

ಕಂಪನಿ ನಾಟಕಗಳೂ ಈ ಕಿವಿಯನ್ನು ಬೆಳೆಸಿದವು. ಗುಬ್ಬಿ ಕಂಪನಿಯ ಒಡೆಯ ವೀರಣ್ಣನವರೇ ದೊಡ್ಡ ಹಾಸ್ಯನಟ. ಒಂದು ಹಾಡಿಗೆ, ಒಂದು ಮಾತಿಗೆ 'ಒನ್ಸ್ ಮೋರ್' ಬಿದ್ದರೆ ಆಟ ನಿಲ್ಲುತ್ತಿತ್ತು, ಆ ತುಣುಕು ಮತ್ತೆ ನಡೆಯುತ್ತಿತ್ತು. ಮಾಸ್ಟರ್ ಹಿರಣ್ಣಯ್ಯನವರು 'ಲಂಚಾವತಾರ' ನಾಟಕವನ್ನು ದಶಕಗಳ ಕಾಲ ಆಡಿದಾಗ, ಹೋದ ಊರಿನ ರಾಜಕೀಯ, ಅಂದಿನ ಪತ್ರಿಕೆಯ ಸುದ್ದಿ ಆ ರಾತ್ರಿಯ ಮಾತಿನೊಳಗೆ ಸೇರುತ್ತಿತ್ತು. ಸಭೆಯ ಪ್ರತಿಕ್ರಿಯೆ ನಾಟಕವನ್ನು ದಿನದಿನವೂ ತಿದ್ದುತ್ತಿತ್ತು. ಟಿವಿಯಲ್ಲಿ ನಮ್ಮ ನಗು ನಮ್ಮ ನಡುಮನೆಯಲ್ಲೇ ಉಳಿದುಬಿಡುತ್ತದೆ. ನಗಿಸಿದವನಿಗೆ ಅದು ಮುಟ್ಟುವುದಿಲ್ಲ.

ಮುಟ್ಟುವುದು ಒಂದು ಅಂಕಿ ಮಾತ್ರ. ದೇಶದಲ್ಲಿ ಟಿವಿ ನೋಡುವವರನ್ನು ಅಳೆಯುವುದು ಬಾರ್ಕ್ ಎಂಬ ಸಂಸ್ಥೆ, 2015ರಿಂದ. ಇಪ್ಪತ್ತು ಕೋಟಿಗೂ ಹೆಚ್ಚು ಟಿವಿ ಮನೆಗಳ ಪೈಕಿ 55,000ಕ್ಕೂ ಮಿಕ್ಕ ಮನೆಗಳಲ್ಲಿ ಅವರ ಮೀಟರ್ ಇದೆ. ವಾಹಿನಿಯ ಧ್ವನಿಯಲ್ಲಿ ಕಿವಿಗೆ ಕೇಳಿಸದ ಗುರುತೊಂದನ್ನು ಸೇರಿಸಿರುತ್ತಾರೆ. ಮೀಟರ್ ಅದನ್ನು ಹಿಡಿದು ಯಾವ ವಾಹಿನಿ, ಎಷ್ಟು ಹೊತ್ತು ಎಂದು ಬರೆದುಕೊಳ್ಳುತ್ತದೆ; ಮನೆಯಲ್ಲಿ ಯಾರು ನೋಡುತ್ತಿದ್ದಾರೆ ಎಂಬುದನ್ನು ಅವರೇ ಗುಂಡಿ ಒತ್ತಿ ತಿಳಿಸಬೇಕು. ಅದಕ್ಕೂ ಹಿಂದಿನ ಅಳತೆ ಮುಖ್ಯವಾಗಿ ಒಂದು ಲಕ್ಷಕ್ಕಿಂತ ಹೆಚ್ಚು ಜನರಿರುವ ಪಟ್ಟಣಗಳದ್ದು, ಹಳ್ಳಿಗಳಿಗೆ ಅದರಲ್ಲಿ ಜಾಗವಿರಲಿಲ್ಲ. 2011ರ ಜನಗಣತಿಯಲ್ಲಿ ಕೋಲಾರ ಪಟ್ಟಣ ಮತ್ತು ಕೆಜಿಎಫ್ ಲಕ್ಷ ದಾಟಿದ್ದವು; ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ದಾಟಿರಲಿಲ್ಲ. 15 ಲಕ್ಷಕ್ಕೂ ಹೆಚ್ಚು ಜನರ ಜಿಲ್ಲೆಯ ದೊಡ್ಡ ಭಾಗ ಅಲ್ಲಿಯವರೆಗೆ ಲೆಕ್ಕದ ಹೊರಗೇ ನಕ್ಕಿತ್ತು. ಈಗ ಹಳ್ಳಿಗಳೂ ಸೇರಿವೆ, ಸಂತೋಷ. ಆದರೆ ಮೀಟರಿಗೆ ನಗು ಕೇಳಿಸುವುದಿಲ್ಲ. ಮುನಿಸಿಕೊಂಡು ನೋಡಿದರೂ ಲೆಕ್ಕದಲ್ಲಿ ಅದು ನೋಡಿದ್ದೇ. ಜಾಹೀರಾತು ಬಂದಾಗ ತೆಲುಗಿಗೆ ಹೋಗಿ, ಅಲ್ಲಿ ಒಂದು ಸ್ಕಿಟ್ ನೋಡಿ, ಮತ್ತೆ ಕನ್ನಡಕ್ಕೆ ಬಂದು "ಅವರದೇ ಚೆನ್ನಾಗಿತ್ತು" ಎಂದ ಮುಳಬಾಗಿಲಿನ ಮನೆಯ ತೀರ್ಪು ಅದರಲ್ಲಿ ದಾಖಲಾಗುವುದಿಲ್ಲ.

ಈ ತೆಲುಗು–ಕನ್ನಡದ ಓಡಾಟವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೋಲಾರದ ಪ್ರೇಕ್ಷಕರ ವಿಶೇಷ ಇರುವುದೇ ಇಲ್ಲಿ. ನಂಗಲಿ ದಾಟಿದರೆ ಆಂಧ್ರ. ಶ್ರೀನಿವಾಸಪುರದ ರಾಯಲ್ಪಾಡಿನಿಂದ ಮದನಪಲ್ಲಿ ದೂರವಲ್ಲ. ಮನೆಯಲ್ಲಿ ತೆಲುಗು ಆಡಿ, ಶಾಲೆಯಲ್ಲಿ ಕನ್ನಡ ಓದಿ, ಎರಡರಲ್ಲೂ ಜಗಳವಾಡಬಲ್ಲವರು ಈ ಸೀಮೆಯ ಜನ. ಮುಳಬಾಗಿಲು ತಾಲ್ಲೂಕಿನ ಸೌಂದರ್ಯ ತೆಲುಗಿನಲ್ಲಿ ದೊಡ್ಡ ತಾರೆಯಾದಾಗ ಅದು ಪರಭಾಷೆಯ ಸಂಗತಿ ಎಂದು ಇಲ್ಲಿ ಯಾರಿಗೂ ಅನ್ನಿಸಲಿಲ್ಲ. 2004ರಲ್ಲಿ ಅವರು ತೀರಿಕೊಂಡ ಮೇಲೆ ತೆರೆಗೆ ಬಂದ 'ಆಪ್ತಮಿತ್ರ'ವನ್ನು ಇಲ್ಲಿನ ಜನ ಮನೆಮಗಳನ್ನು ಕಳೆದುಕೊಂಡವರಂತೆ ನೋಡಿದರು. ಬ್ರಹ್ಮಾನಂದಂ ಮುಖ ಕಂಡರೆ ನಗುವ ಮನೆಯಲ್ಲೇ ಸಾಧು ಕೋಕಿಲ ಮುಖ ಕಂಡರೂ ನಗುತ್ತಾರೆ.

ಈಟಿವಿಯ ತೆಲುಗು 'ಜಬರ್ದಸ್ತ್' ಶುರುವಾದದ್ದು 2013ರಲ್ಲಿ. ತಂಡ ಕಟ್ಟಿಕೊಂಡು ಬಂದು ಸ್ಕಿಟ್ ಆಡುವುದು, ಎದುರು ಕೂತ ತೀರ್ಪುಗಾರರು ನಕ್ಕು ಅಂಕ ಕೊಡುವುದು ಎಂಬ ಮಾದರಿ ಆಗಲೇ ಈ ಮನೆಗಳಿಗೆ ಬಂತು. ಕನ್ನಡದಲ್ಲಿ 'ಕಾಮಿಡಿ ಕಿಲಾಡಿಗಳು' ಬಂದದ್ದು 2016ರಲ್ಲಿ, ಜಗ್ಗೇಶ್, ಯೋಗರಾಜ ಭಟ್, ರಕ್ಷಿತಾ ತೀರ್ಪುಗಾರರಾಗಿ. ಅಷ್ಟು ಹೊತ್ತಿಗೆ ಕೋಲಾರದವರಿಗೆ ಸ್ಕಿಟ್ ನೋಡುವ ಅಭ್ಯಾಸ ಮೂರು ವರ್ಷದ್ದು. ಹಾಗಾಗಿ ಇವರು ಹೋಲಿಸಿಯೇ ನೋಡುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಮಾತಿಗೆ ಮಾತು ಸಿಡಿಸುವ ವೇಗದಲ್ಲಿ ತೆಲುಗಿನವರು ಮುಂದು. ಪಾತ್ರ ಕಟ್ಟುವುದರಲ್ಲಿ ಕನ್ನಡದವರು. 'ಕಾಮಿಡಿ ಕಿಲಾಡಿಗಳು' ಮೊದಲ ಸೀಸನ್ನಿನ ವಿಜೇತ ಶಿವರಾಜ್ ಕೆ.ಆರ್. ಪೇಟೆ ಒಂದು ಮಾತೂ ಆಡದೆ, ನಡಿಗೆಯಲ್ಲೇ ಹಳ್ಳಿಯ ಒಬ್ಬ ಮನುಷ್ಯನನ್ನು ನಿಲ್ಲಿಸಬಲ್ಲರು. ಹುಬ್ಬಳ್ಳಿಯ ನಯನಾ ತಮ್ಮ ಕನ್ನಡವನ್ನು ಒಂದಿಷ್ಟೂ ತೆಳುಗೊಳಿಸದೆ ರಾಜ್ಯವನ್ನೆಲ್ಲ ನಗಿಸಿದರು. ಮೂರನೇ ಸೀಸನ್ ಗೆದ್ದ ಕರಾವಳಿಯ ರಾಕೇಶ್ ಪೂಜಾರಿ 2025ರ ಮೇ ತಿಂಗಳಲ್ಲಿ, ಇನ್ನೂ ಮೂವತ್ತರ ಹರೆಯದಲ್ಲೇ, ಹೃದಯಾಘಾತದಿಂದ ತೀರಿಕೊಂಡಾಗ ಅವರ ಊರನ್ನು ಎಂದೂ ಕಾಣದ ಜನ ಈ ಗಡಿಯಲ್ಲಿ ಮರುಗಿದರು. ಅವರು ಗೆದ್ದ ಟ್ರೋಫಿ ಹೇಗಿತ್ತು ಎಂದು ಯಾರಿಗೂ ನೆನಪಿರಲಿಲ್ಲ. ಒಂದೊಂದು ಸ್ಕಿಟ್ಟಿನಲ್ಲಿ ಅವರು ಹೇಗೆ ತಿರುಗಿ ನೋಡಿದರು ಎಂಬುದನ್ನು ಮಾಡಿ ತೋರಿಸುವವರು ಇದ್ದರು.

ಮಂಡ್ಯ, ಹುಬ್ಬಳ್ಳಿ, ಕುಂದಾಪುರ, ಕಲಬುರಗಿಯ ಕನ್ನಡಗಳಿಗೆ ಈ ಕಾರ್ಯಕ್ರಮಗಳು ದೊಡ್ಡ ಉಪಕಾರ ಮಾಡಿವೆ. ಕೋಲಾರದ ಕನ್ನಡಕ್ಕೆ ಆ ಭಾಗ್ಯ ಇನ್ನೂ ಬಂದಿಲ್ಲ. ಅದು ತೆರೆಗೆ ಬಂದಾಗ ಹೆಚ್ಚಾಗಿ ಕಟ್ಟಡದ ಕೂಲಿಯವನ, ಬೆಪ್ಪನಂತೆ ನಿಲ್ಲುವ ಕಾವಲುಗಾರನ ಬಾಯಿಂದಲೇ ಬರುತ್ತದೆ. ಅವನ ಭಾಷೆಯೇ ನಗೆಪಾಟಲು, ಅವನು ನಗೆಚಟಾಕಿ ಹಾರಿಸುವವನಲ್ಲ. ಇಲ್ಲಿನ ಪ್ರೇಕ್ಷಕರು ಇದನ್ನು ಗುರುತಿಸುತ್ತಾರೆ, ನೊಂದುಕೊಳ್ಳುತ್ತಾರೆ. ಪರಿಶಿಷ್ಟ ಜಾತಿಯ ಜನರ ಪ್ರಮಾಣ ರಾಜ್ಯದಲ್ಲೇ ಅತಿ ಹೆಚ್ಚಿರುವ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ದಲಿತ ಚಳವಳಿ ಆಳವಾಗಿ ಬೇರೂರಿದ ಮಣ್ಣು ಇದು. ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯನವರು ಗೆಳೆಯರೊಡನೆ ಕಟ್ಟಿದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆಯ ರಾತ್ರಿಗಳಲ್ಲಿ ಹಾಡು, ನಾಟಕ ನೋಡಿ ಬೆಳೆದ ಯುವಕರು ಬಣ್ಣ, ಜಾತಿ, ಕೆಲಸ ಹಿಡಿದು ಮಾಡುವ ಹಾಸ್ಯಕ್ಕೆ ಸುಮ್ಮನೆ ನಗುವುದಿಲ್ಲ. ಕಪ್ಪಗಿರುವುದು, ದಪ್ಪಗಿರುವುದು, ಗಂಡಸು ಸೀರೆ ಉಟ್ಟು ಬಳುಕುವುದು ಎರಡೂ ಭಾಷೆಯ ಸ್ಕಿಟ್ಟುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಅಂಥ ಸ್ಕಿಟ್ಟಿಗೆ ಪ್ರಶಸ್ತಿ ಬಂದ ದಿನ ಮನೆಯ ಹೆಣ್ಣುಮಕ್ಕಳು "ಇದ್ರಲ್ಲೇನೈತೆ ನಗೋಕೆ?" ಎಂದು ಕೇಳುತ್ತಾರಲ್ಲ, ಅದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಓದಿಲ್ಲ.

ಹಾಸ್ಯಕ್ಕೆ ಪ್ರಶಸ್ತಿಯ ಜಗತ್ತು ಎಂದೂ ಒಳ್ಳೆಯ ಜಾಗ ಕೊಟ್ಟಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಹಾಸ್ಯ ನಟನೆಗೆ ಬೇರೆ ವಿಭಾಗವಿಲ್ಲ. ಫಿಲ್ಮ್‌ಫೇರ್ 1967ರಲ್ಲಿ ಆರಂಭಿಸಿದ ಹಾಸ್ಯ ಪಾತ್ರದ ಪ್ರಶಸ್ತಿಯನ್ನು 2007ರ ನಂತರ ಕೈಬಿಟ್ಟಿತು. 'ಬೇಡರ ಕಣ್ಣಪ್ಪ'ದಿಂದ ಶುರುಮಾಡಿ 1979ರಲ್ಲಿ ತೀರಿಕೊಳ್ಳುವವರೆಗೆ ಕನ್ನಡ ಚಿತ್ರಗಳನ್ನು ಹೊತ್ತು ನಡೆದ ನರಸಿಂಹರಾಜು ಅವರನ್ನು ಹಾಸ್ಯ ಚಕ್ರವರ್ತಿ ಎಂದು ಕರೆದವರು ಜನ. ಉಮಾಶ್ರೀ ವರ್ಷಗಟ್ಟಲೆ ನಗಿಸಿದರು. ರಾಷ್ಟ್ರಪ್ರಶಸ್ತಿ ಬಂದದ್ದು 2008ರ 'ಗುಲಾಬಿ ಟಾಕೀಸ್' ಚಿತ್ರದ ಗಂಭೀರ ಪಾತ್ರಕ್ಕೆ. ಗಿರೀಶ್ ಕಾಸರವಳ್ಳಿಯವರ ಆ ಚಿತ್ರದಲ್ಲಿ ಸೂಲಗಿತ್ತಿ ಗುಲಾಬಿಯ ಗುಡಿಸಲಿಗೆ ಟಿವಿ ಬರುತ್ತದೆ, ಊರ ಹೆಂಗಸರು ಅಲ್ಲಿ ಸೇರುತ್ತಾರೆ. ಟಿವಿಯ ಮುಂದೆ ಕೂತವರಿಗೂ ಒಂದು ಬದುಕಿದೆ, ಅಭಿಪ್ರಾಯವಿದೆ ಎಂಬುದನ್ನು ಅಷ್ಟು ಚೆನ್ನಾಗಿ ತೋರಿಸಿದ ಕನ್ನಡ ಚಿತ್ರ ಇನ್ನೊಂದಿಲ್ಲ. ನಗಿಸುವ ಕೆಲಸ ಅಳಿಸುವ ಕೆಲಸಕ್ಕಿಂತ ಕಡಿಮೆಯದು ಎಂಬ ಭಾವನೆ ಎಷ್ಟು ಆಳದಲ್ಲಿದೆ ಎಂದರೆ, ಹಾಸ್ಯಕ್ಕೆಂದೇ ಪ್ರಶಸ್ತಿ ಕೊಡುವ ವೇದಿಕೆಗಳಲ್ಲೂ ಸ್ಕಿಟ್ ಬರೆದವರ ಹೆಸರು ಕೇಳಿಸುವುದು ಅಪರೂಪ. ವಾರಕ್ಕೆ ಮೂರು ನಾಲ್ಕು ಸ್ಕಿಟ್, ಪ್ರತಿಯೊಂದರಲ್ಲೂ ನಿಮಿಷಕ್ಕೆ ಎರಡು ನಗು ಹುಟ್ಟಿಸಬೇಕಾದವರು ಅವರು. ನನಗೆ ಅತ್ಯಂತ ಬೇಸರ ತರುವ ಸಂಗತಿ ಇದೇ. ಡೇರಿಯ ಮುಂದೆ ಮಾತು ಮತ್ತೆ ಮತ್ತೆ ಬರುವುದು ಒಂದು ಸಂಭಾಷಣೆಯ ಸುತ್ತ, ಅದನ್ನು ಬರೆದವರು ಯಾರೆಂದು ಅಲ್ಲಿ ಯಾರಿಗೂ ತಿಳಿದಿರುವುದಿಲ್ಲ.

ಪ್ರೇಕ್ಷಕರ ಕೈಯಲ್ಲಿ ಒಂದು ದಾರಿ ಇದೆ, ಹೆಚ್ಚು ಜನರಿಗೆ ಅದು ತಿಳಿದಂತಿಲ್ಲ. ಪ್ರಶಸ್ತಿ ಯಾರಿಗೆ ಬರಬೇಕಿತ್ತು ಎಂಬುದನ್ನು ಅದು ತೀರ್ಮಾನಿಸುವುದಿಲ್ಲ. ಆದರೆ ಹಾಸ್ಯದ ಹೆಸರಲ್ಲಿ ನಡೆಯುವ ಅವಮಾನಕ್ಕೆ ಅದು ಸಲ್ಲುತ್ತದೆ. 1994ರ ಕೇಬಲ್ ಟೆಲಿವಿಷನ್ ನಿಯಮಗಳ 6ನೇ ನಿಯಮ ಹೆಣ್ಣುಮಕ್ಕಳನ್ನು ಹೀನಾಯವಾಗಿ ತೋರಿಸುವುದನ್ನು ನಿಷೇಧಿಸುತ್ತದೆ. ಒಂದು ಭಾಷೆಯ, ಒಂದು ಪ್ರದೇಶದ ಜನರನ್ನು ಕೀಳಾಗಿ ಕಂಡು ಹೀಯಾಳಿಸುವ ದೃಶ್ಯಗಳಿಗೂ, ಮಾತುಗಳಿಗೂ ಅದೇ ನಿಯಮದಲ್ಲಿ ತಡೆಯಿದೆ. ಕೋಲಾರದ ಮಾತನ್ನು ಹಂಗಿಸುವ ಸ್ಕಿಟ್ ಅದರೊಳಗೆ ಬರುತ್ತದೆ ಎಂದೇ ನನ್ನ ಭಾವನೆ. 2021ರಲ್ಲಿ ಈ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ ಯಾವ ಪ್ರೇಕ್ಷಕರಾದರೂ ವಾಹಿನಿಗೆ ಲಿಖಿತ ದೂರು ಕೊಡಬಹುದು. ದೂರು ತಲುಪಿದೆ ಎಂದು 24 ಗಂಟೆಯೊಳಗೆ ತಿಳಿಸಬೇಕು, 15 ದಿನದೊಳಗೆ ತೀರ್ಮಾನ ಹೇಳಬೇಕು. ಅದು ಒಪ್ಪಿಗೆಯಾಗದಿದ್ದರೆ ಪ್ರಸಾರಕರ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ ಹೋಗಬಹುದು, ಅಲ್ಲಿಯೂ ಆಗದಿದ್ದರೆ ಕೇಂದ್ರ ಸರ್ಕಾರಕ್ಕೆ. ದೂರಿನಲ್ಲಿ ಕಾರ್ಯಕ್ರಮದ ಹೆಸರು, ಪ್ರಸಾರವಾದ ದಿನ, ಹೊತ್ತು, ಆಕ್ಷೇಪವಿರುವ ಮಾತು ಇಷ್ಟನ್ನು ಸ್ಪಷ್ಟವಾಗಿ ಬರೆಯಿರಿ. ಒಳ್ಳೆಯ ಸ್ಕಿಟ್ ನೋಡಿದಾಗಲೂ ವಾಹಿನಿಯ ಅದೇ ವಿಳಾಸಕ್ಕೆ ಒಂದು ಪತ್ರ ಹಾಕಿ, ಇದನ್ನು ಬರೆದವರು ಯಾರು ಎಂದು ಹೆಸರು ಕೇಳಿ.